ಸುಸ್ತಿಗಲ್ಲ, ಆಸಕ್ತಿಗೆ: ಮಹಿಳೆಯರಿಗೆ ಟೆಸ್ಟೋಸ್ಟೆರಾನ್ ಯಾವಾಗ, ಎಷ್ಟು?

ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರು ಡಾಕ್ಟರ ಮುಂದೆ ಕುಳಿತು ಹೇಳಿಕೊಳ್ಳುವ ತೊಂದರೆಗಳು ಮಡಿಕೇರಿಯಲ್ಲೂ ಮೈಸೂರಿನಲ್ಲೂ ಹೆಚ್ಚುಕಡಿಮೆ ಒಂದೇ. ಸುಸ್ತು, ಸೊಂಟ ನೋವು, ರಾತ್ರಿ ನಿದ್ದೆಯಿಲ್ಲ, ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಬೆವರುತ್ತದೆ, ಅಡುಗೆಮನೆಗೆ ಯಾಕೆ ಬಂದೆ ಎಂಬುದೇ ಮರೆತುಹೋಗುತ್ತದೆ. ಗಂಡನ ಜೊತೆ ಮಲಗುವ ಆಸೆಯೇ ಬತ್ತಿಹೋಗಿದೆ, ಅದು ನನಗೇ ಬೇಸರ ತಂದಿದೆ ಎಂದು ಬಾಯಿಬಿಟ್ಟು ಹೇಳುವವರು ತೀರ ವಿರಳ. ಗಂಡಸರ ಹಾರ್ಮೋನ್ ಎಂದೇ ಹೆಸರಾದ ಟೆಸ್ಟೋಸ್ಟೆರಾನನ್ನು ಕಡಿಮೆ ಪ್ರಮಾಣದಲ್ಲಿ ಹೆಂಗಸರಿಗೆ ಕೊಡುವ ಕುರಿತು ಈಗ ಎದ್ದಿರುವ ಗೊಂದಲಕ್ಕೆ ಮೂಲ ಇಲ್ಲಿದೆ. ಈ ಔಷಧ ಫಲ ಕೊಡುತ್ತದೆ ಎಂದು ಪ್ರಯೋಗಗಳಲ್ಲಿ ಕಂಡುಬಂದಿರುವುದು ಯಾರೂ ಹೇಳಿಕೊಳ್ಳದ ಆ ಒಂದು ತೊಂದರೆಗೆ ಮಾತ್ರ. ಪ್ರಚಾರ ನಡೆಯುತ್ತಿರುವುದು ಮಿಕ್ಕೆಲ್ಲದರ ಹೆಸರಿನಲ್ಲಿ.

ಕೊಡಗಿನ ಮನೆಗಳಿಗೆ ಈ ಹೆಸರು ಬಂದದ್ದು ಆಸ್ಪತ್ರೆಯ ದಾರಿಯಿಂದಲ್ಲ, ಮೊಬೈಲಿನಿಂದ. ಬೆಂಗಳೂರಿನಲ್ಲೋ ಲಂಡನ್ನಿನಲ್ಲೋ ಇರುವ ಮಗಳು ವೀಡಿಯೊ ಕಳುಹಿಸುತ್ತಾಳೆ, ಪೊನ್ನಂಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಇರುವ ತಾಯಿ ಮಧ್ಯಾಹ್ನದ ಊಟವಾದ ಮೇಲೆ ನೋಡುತ್ತಾಳೆ. 2021ರಲ್ಲಿ ಬ್ರಿಟನ್ನಿನ ಟಿವಿ ನಿರೂಪಕಿ ಡೇವಿನಾ ಮೆಕಾಲ್ ಋತುಬಂಧದ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ ಮೇಲೆ ಅಲ್ಲಿ ಹಾರ್ಮೋನ್ ಚಿಕಿತ್ಸೆಗೆ ಬೇಡಿಕೆ ಏರಿತು. ಅದರ ಬೆನ್ನಿಗೇ ಟೆಸ್ಟೋಸ್ಟೆರಾನ್ ಬರೆದುಕೊಡುವುದೂ ಹಲವು ಪಟ್ಟು ಹೆಚ್ಚಿತು. 2025ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಋತುಬಂಧಕ್ಕೆ ಕೊಡುವ ಈಸ್ಟ್ರೋಜನ್ (ಹೆಣ್ಣಿನ ಮುಖ್ಯ ಹಾರ್ಮೋನ್) ಔಷಧಗಳ ಮೇಲೆ ಎರಡು ದಶಕಗಳಿಂದ ಮುದ್ರಿಸಿಕೊಂಡು ಬಂದಿದ್ದ ಚೌಕಟ್ಟಿನ ಎಚ್ಚರಿಕೆಯನ್ನು ಬಹುಮಟ್ಟಿಗೆ ತೆಗೆಸುವುದಾಗಿ ಪ್ರಕಟಿಸಿತು. ಹಾರ್ಮೋನ್ ಎಂದರೆ ಕ್ಯಾನ್ಸರ್ ಎಂದು ಬೆಚ್ಚುತ್ತಿದ್ದವರು ಈಗ ಹಾರ್ಮೋನ್ ಎಂದರೆ ಯೌವನ ಎನ್ನತೊಡಗಿದ್ದಾರೆ. ಈ ಎರಡೂ ಮಾತನ್ನು ನಾನು ನಂಬುವುದಿಲ್ಲ.

ಮೊದಲು ದೇಹದ ಲೆಕ್ಕ ನೋಡೋಣ. ಹೆಣ್ಣಿನ ದೇಹ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ. ಅದರಲ್ಲಿ ವಿಚಿತ್ರವೇನೂ ಇಲ್ಲ. ಸುಮಾರು ಕಾಲು ಭಾಗ ಅಂಡಾಶಯದಿಂದ, ಕಾಲು ಭಾಗ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯಿಂದ ಬರುತ್ತದೆ. ಉಳಿದರ್ಧ ಕೊಬ್ಬು, ಚರ್ಮ ಮುಂತಾದ ಕಡೆ ಬೇರೆ ಹಾರ್ಮೋನ್‌ಗಳಿಂದ ರೂಪಾಂತರಗೊಂಡದ್ದು. ಅಂಡಾಶಯ ಈಸ್ಟ್ರೋಜನ್ ತಯಾರಿಸುವುದೂ ಈ ಜಾತಿಯ ಹಾರ್ಮೋನ್‌ಗಳನ್ನು ಬಳಸಿಕೊಂಡೇ. ಪ್ರಾಯದ ಹೆಣ್ಣಿನ ರಕ್ತದಲ್ಲಿ ತೂಕ ಹಾಕಿ ನೋಡಿದರೆ ತಿಂಗಳ ಬಹುಪಾಲು ದಿನ ಈಸ್ಟ್ರೋಜನ್‌ಗಿಂತ ಟೆಸ್ಟೋಸ್ಟೆರಾನ್ನೇ ಹೆಚ್ಚಿರುತ್ತದೆ. ಆದರೆ ಗಂಡಸಿನ ರಕ್ತದೊಂದಿಗೆ ಹೋಲಿಸಿದರೆ ಇದು ಏನೂ ಅಲ್ಲ. ಗಂಡಸಿನಲ್ಲಿ ಡೆಸಿಲೀಟರ್‌ಗೆ 300ರಿಂದ 1,000 ನ್ಯಾನೋಗ್ರಾಂ ಇದ್ದರೆ ಹೆಂಗಸಿನಲ್ಲಿ 15ರಿಂದ 70ರ ಆಸುಪಾಸು. ಚಿಕಿತ್ಸೆಯ ಗುರಿಯೆಂದರೆ ಈ ಎರಡನೆಯ ಮಿತಿಯೊಳಗೇ ಇರುವುದು.

ಎಷ್ಟೋ ವೀಡಿಯೊಗಳು ತಪ್ಪುವುದು ಇನ್ನೊಂದು ಕಡೆ. ಮುಟ್ಟು ನಿಂತಾಗ ಈಸ್ಟ್ರೋಜನ್ ಥಟ್ಟನೆ ಕುಸಿಯುತ್ತದೆ. ಟೆಸ್ಟೋಸ್ಟೆರಾನ್ ಹಾಗೆ ಕುಸಿಯುವುದಿಲ್ಲ. ಅದು ಇಪ್ಪತ್ತರ ಹರೆಯದಿಂದಲೇ ಸದ್ದಿಲ್ಲದೆ ಇಳಿಯುತ್ತ ಬಂದು, ನಲವತ್ತು ದಾಟುವ ಹೊತ್ತಿಗೆ ಅರ್ಧದಷ್ಟಾಗಿರುತ್ತದೆ. ಭಾರತದ ಹೆಂಗಸರಿಗೆ ಸರಾಸರಿ 46–47ನೇ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ, ಪಾಶ್ಚಾತ್ಯರಿಗಿಂತ ನಾಲ್ಕೈದು ವರ್ಷ ಮೊದಲು. ಆ ವರ್ಷಗಳಲ್ಲಿ ಟೆಸ್ಟೋಸ್ಟೆರಾನ್ ದೊಡ್ಡ ಮೆಟ್ಟಿಲೇನೂ ಇಳಿಯುವುದಿಲ್ಲ. ಮುಟ್ಟು ನಿಂತ ಅಂಡಾಶಯವೂ ಒಂದಿಷ್ಟು ತಯಾರಿಸುತ್ತಲೇ ಇರುತ್ತದೆ. ಹಾಗಾಗಿ 'ಋತುಬಂಧದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್, ಟೆಸ್ಟೋಸ್ಟೆರಾನ್ ಮೂರೂ ಹಾರ್ಮೋನ್ ಹೋಗುತ್ತವೆ, ಮೂರನ್ನೂ ತುಂಬಿಸಬೇಕು' ಎಂಬ ವಾದ ಕೇಳಲು ಸರಳವಾಗಿದೆ, ದೇಹಕ್ಕೆ ಹೊಂದುವುದಿಲ್ಲ.

ಥಟ್ಟನೆ ಕುಸಿಯುವ ಸಂದರ್ಭ ಒಂದಿದೆ: ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯ ತೆಗೆದಾಗ. ಕೆಲವೇ ದಿನಗಳಲ್ಲಿ ಟೆಸ್ಟೋಸ್ಟೆರಾನ್ ಅರ್ಧಕ್ಕೆ ಇಳಿಯುತ್ತದೆ. ಈ ಚಿಕಿತ್ಸೆಯ ಚರಿತ್ರೆ ಶುರುವಾಗುವುದೂ ಈ ಹೆಂಗಸರಿಂದಲೇ.

ಟೆಸ್ಟೋಸ್ಟೆರಾನ್ ಪ್ರತ್ಯೇಕಿಸಿದ್ದು, ಪ್ರಯೋಗಾಲಯದಲ್ಲಿ ತಯಾರಿಸಿದ್ದು ಎರಡೂ 1935ರಲ್ಲಿ. 1940ರ ದಶಕದಲ್ಲಿಯೇ ಅಮೆರಿಕದ ವೈದ್ಯರು ಅದನ್ನು ಮಹಿಳೆಯರಿಗೆ ಕೊಡುತ್ತಿದ್ದರು, ಹೆಚ್ಚಾಗಿ ಊಹೆಯ ಮೇಲೆ. 1985ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಬಾರ್ಬರಾ ಶೆರ್ವಿನ್ ಮತ್ತು ಸಂಗಡಿಗರು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಸಿಕೊಂಡ ಮಹಿಳೆಯರಿಗೆ ಕ್ರಮಬದ್ಧವಾಗಿ ಕೊಟ್ಟು ನೋಡಿದರು. ಲೈಂಗಿಕ ಆಸಕ್ತಿ ಮರಳಿತು. ಅಲ್ಲಿ ಬಳಸಿದ್ದು ಚುಚ್ಚುಮದ್ದು, ರಕ್ತದ ಮಟ್ಟ ಸಹಜ ಮಿತಿಯನ್ನು ಮೀರಿತ್ತು ಎಂಬುದು ಬೇರೆ ಮಾತು. ನಂತರ ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿ ದಿನಕ್ಕೆ 300 ಮೈಕ್ರೋಗ್ರಾಂ ಬಿಡುಗಡೆ ಮಾಡುವ, ಹೊಟ್ಟೆಯ ಚರ್ಮಕ್ಕೆ ಅಂಟಿಸುವ ಪಟ್ಟಿಯೊಂದನ್ನು ತಂದಿತು. ಹೆಸರು ಇಂಟ್ರಿನ್ಸಾ. 2004ರ ಡಿಸೆಂಬರ್‌ನಲ್ಲಿ ಎಫ್‌ಡಿಎಯ ಸಲಹಾ ಸಮಿತಿ ದೀರ್ಘಾವಧಿಯ ಸುರಕ್ಷತೆಯ ಮಾಹಿತಿ ಸಾಲದು ಎಂದು ಬಾಗಿಲು ಹಾಕಿತು. ಯುರೋಪ್ 2006ರಲ್ಲಿ ಅನುಮತಿ ಕೊಟ್ಟಿತು, ಅದೂ ಅಂಡಾಶಯ ತೆಗೆಸಿಕೊಂಡವರಿಗೆ ಮಾತ್ರ. 2012ರಲ್ಲಿ ಆ ಪಟ್ಟಿ ಮಾರುಕಟ್ಟೆಯಿಂದ ಹೊರಟುಹೋಯಿತು. ಕಾರಣ ಅಪಾಯವಲ್ಲ, ವ್ಯಾಪಾರ.

ಅದಕ್ಕೆ ಸ್ವಲ್ಪ ಮೊದಲು, 2011ರಲ್ಲಿ, ಲಿಬಿಜೆಲ್ ಎಂಬ ಟೆಸ್ಟೋಸ್ಟೆರಾನ್ ಜೆಲ್ ಮುಗ್ಗರಿಸಿತ್ತು. ಅದು ಸೋತ ಬಗೆ ನೋಡುವಂಥದ್ದು. ಜೆಲ್ ಹಚ್ಚಿಕೊಂಡವರಲ್ಲಿ ಸುಧಾರಣೆ ಕಂಡಿತು. ಔಷಧವೇ ಇಲ್ಲದ ಹುಸಿ ಜೆಲ್ ಹಚ್ಚಿಕೊಂಡವರಲ್ಲೂ ಹೆಚ್ಚುಕಡಿಮೆ ಅಷ್ಟೇ ಕಂಡಿತು. ತನ್ನ ತೊಂದರೆಯನ್ನು ಒಬ್ಬರು ಕೂರಿಸಿಕೊಂಡು ಕೇಳುತ್ತಾರೆ, ತಿಂಗಳು ತಿಂಗಳು ಡೈರಿ ಬರೆಸುತ್ತಾರೆ, ಗಂಡನಿಗೂ ವಿಷಯ ಗೊತ್ತಾಗುತ್ತದೆ. ಇಷ್ಟರಿಂದಲೇ ಅರ್ಧ ಕೆಲಸ ಆಗಿಬಿಡುತ್ತದೆ ಎಂದು ನನಗೆ ಅನಿಸುತ್ತದೆ. ಹುಸಿ ಮದ್ದಿನ ಪರಿಣಾಮ ಎಂದು ಅದನ್ನು ಕಡೆಗಣಿಸುವುದಕ್ಕಿಂತ, ನಮ್ಮ ಚಿಕಿತ್ಸಾಲಯಗಳಲ್ಲಿ ಆ ಅರ್ಧ ಕೆಲಸವೂ ಯಾಕೆ ನಡೆಯುತ್ತಿಲ್ಲ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಔಷಧ ನಿಜಕ್ಕೂ ಏನು ಮಾಡುತ್ತದೆ? 2019ರಲ್ಲಿ ಆಸ್ಟ್ರೇಲಿಯಾದ ಸೂಸನ್ ಡೇವಿಸ್ ಅವರ ತಂಡ 36 ಪ್ರಯೋಗಗಳನ್ನು, 8,480 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ ಪ್ರಕಟಿಸಿದ ವಿಶ್ಲೇಷಣೆಯೇ ಇವತ್ತಿಗೂ ಈ ವಿಷಯದ ಬೆನ್ನೆಲುಬು. ಮುಟ್ಟು ನಿಂತ ಮಹಿಳೆಯರಲ್ಲಿ ಆಸಕ್ತಿ, ಉದ್ರೇಕ, ತೃಪ್ತಿ ಹೆಚ್ಚಿದವು. ಇದರ ಬಗೆಗಿನ ಕೊರಗು ಇಳಿಯಿತು. ತೃಪ್ತಿ ಕೊಟ್ಟ ಮಿಲನಗಳು ಹುಸಿ ಔಷಧಕ್ಕೆ ಹೋಲಿಸಿದರೆ ತಿಂಗಳಿಗೆ ಸರಾಸರಿ ಒಂದರಷ್ಟು ಹೆಚ್ಚಾದವು. ಒಂದೇ ಒಂದು ಎಂದು ನಗಬೇಡಿ. ತಿಂಗಳಿಗೆ ಎರಡೋ ಮೂರೋ ಇದ್ದವರಿಗೆ ಅದು ಸಣ್ಣದಲ್ಲ. ಆದರೆ ಅದೇ ವಿಶ್ಲೇಷಣೆಯಲ್ಲಿ ಮನಸ್ಸಿನ ಲವಲವಿಕೆ, ನೆನಪು, ಮೂಳೆಯ ಸಾಂದ್ರತೆ, ಸ್ನಾಯುಗಳ ಪ್ರಮಾಣ ಯಾವುದರಲ್ಲೂ ಲಾಭ ಕಂಡಿಲ್ಲ. ಅಂದರೆ, ಮಂಜು ಕವಿದಂಥ ತಲೆಗೂ ತೀರದ ಸುಸ್ತಿಗೂ ಟೆಸ್ಟೋಸ್ಟೆರಾನ್ ಜೆಲ್ ಬರೆದುಕೊಡಲು ಆಧಾರವಿಲ್ಲ.

ಅದೇ ವರ್ಷ ಹಲವು ದೇಶಗಳ ವೈದ್ಯ ಸಂಘಟನೆಗಳು ಸೇರಿ ಒಮ್ಮತದ ಹೇಳಿಕೆ ಹೊರಡಿಸಿದವು. ಮಹಿಳೆಯರಿಗೆ ಟೆಸ್ಟೋಸ್ಟೆರಾನ್ ಕೊಡಲು ಆಧಾರವಿರುವ ಕಾರಣ ಒಂದೇ ಒಂದು, ಋತುಬಂಧದ ನಂತರ ಲೈಂಗಿಕ ಆಸಕ್ತಿ ಕುಂದಿ ಅದರಿಂದ ಆಕೆಯೇ ಸಂಕಟಪಡುತ್ತಿರುವುದು ಎಂದು ಅದು ಹೇಳುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2015ರಲ್ಲೇ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು, ಒಂದು ಷರತ್ತಿನೊಂದಿಗೆ: ಮೊದಲು ಮಾಮೂಲಿ ಹಾರ್ಮೋನ್ ಚಿಕಿತ್ಸೆ ಕೊಟ್ಟು ನೋಡಿ, ಅದರಿಂದ ಆಗದಿದ್ದರೆ ಇದನ್ನು ಪರಿಗಣಿಸಿ.

'ಆಕೆಯೇ ಸಂಕಟಪಡುತ್ತಿರುವುದು' ಎಂಬ ಷರತ್ತನ್ನು ಯಾರೂ ಹಾರಿಸಿಕೊಂಡು ಹೋಗಬಾರದು. ಐವತ್ತೆರಡರ ಹೆಂಗಸಿಗೆ ಆಸೆ ಕಡಿಮೆಯಾಗಿದೆ, ಆಕೆ ಅದರಿಂದ ನೆಮ್ಮದಿಯಾಗಿಯೇ ಇದ್ದಾಳೆ, ಗೊಣಗುವವನು ಗಂಡ ಎಂದಾದರೆ ಅಲ್ಲಿ ರೋಗವಿಲ್ಲ, ಔಷಧವೂ ಬೇಕಿಲ್ಲ. ಗಂಡನಿಗೆ ಸಕ್ಕರೆ ಕಾಯಿಲೆ, ಸಂಜೆಯಾದರೆ ಕುಡಿತ, ಮಾತಿಗೆ ಮುಂಚೆ ಸಿಡುಕು ಇರುವ ಮನೆಯಲ್ಲಿ ಹೆಂಡತಿಯ ತೊಡೆಗೆ ಜೆಲ್ ಹಚ್ಚಿದರೆ ಏನು ಬಂತು? ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಮಲಗುವ ದಂಪತಿಗೆ ಕೊರತೆಯಿರುವುದು ಹಾರ್ಮೋನಿನದಲ್ಲ, ಒಂದು ಗೋಡೆಯದು.

ಹಾಗೆಯೇ, ಆಸೆ ಕುಂದಿದ್ದಕ್ಕೆ ಎದುರಿಗೇ ಕಾಣುವ ಕಾರಣಗಳು ಬೇಕಾದಷ್ಟಿವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೇ ಆಸಕ್ತಿಯನ್ನು ಕುಗ್ಗಿಸುತ್ತವೆ. ಥೈರಾಯ್ಡ್ ಏರುಪೇರು, ರಕ್ತಹೀನತೆ ಎರಡೂ ನಮ್ಮಲ್ಲಿ ಮಾಮೂಲಿ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಯೋನಿಯ ಒಣಗುವಿಕೆ: ಈಸ್ಟ್ರೋಜನ್ ಇಳಿದ ಮೇಲೆ ಒಳಚರ್ಮ ತೆಳುವಾಗಿ ಕೂಡುವಾಗ ಉರಿ, ನೋವು. ಪ್ರತಿ ಸಲ ನೋಯುವುದನ್ನು ಯಾರು ತಾನೇ ಬಯಸುತ್ತಾರೆ? ಇದಕ್ಕೆ ಈಸ್ಟ್ರಿಯಾಲ್ ಕ್ರೀಮ್ ಭಾರತದಲ್ಲಿ ಸಿಗುತ್ತದೆ, ಅಲ್ಲಿಗಷ್ಟೇ ಹಚ್ಚುವಂಥದ್ದು, ರಕ್ತಕ್ಕೆ ಸೇರುವುದು ಅತ್ಯಲ್ಪ. ಟೆಸ್ಟೋಸ್ಟೆರಾನ್ ಬಗ್ಗೆ ವೀಡಿಯೊ ನೋಡಿದವರಲ್ಲಿ ಎಷ್ಟು ಮಂದಿಗೆ ಈ ಕ್ರೀಮಿನ ಹೆಸರು ಗೊತ್ತು ಎಂಬುದು ನನ್ನ ಅನುಮಾನ.

ಈಸ್ಟ್ರೋಜನ್ ಮಾತು ಬಂತು. 2002ರಲ್ಲಿ ಋತುಬಂಧದ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ನಡೆಯುತ್ತಿದ್ದ ಅಮೆರಿಕದ ದೊಡ್ಡ ಅಧ್ಯಯನವೊಂದನ್ನು ಸ್ತನ ಕ್ಯಾನ್ಸರ್ ಮತ್ತು ಹೃದಯದ ತೊಂದರೆಗಳ ಕಾರಣಕ್ಕೆ ಅರ್ಧದಲ್ಲೇ ನಿಲ್ಲಿಸಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಅದರಲ್ಲಿದ್ದ ಮಹಿಳೆಯರ ಸರಾಸರಿ ವಯಸ್ಸು 63 ಎಂಬುದು ಸುದ್ದಿಯಾಗಲಿಲ್ಲ. ಅರುವತ್ತರ ಒಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದರೆ, ತೀವ್ರ ತೊಂದರೆ ಇರುವ ಹೆಚ್ಚಿನ ಆರೋಗ್ಯವಂತ ಮಹಿಳೆಯರಿಗೆ ಲಾಭವೇ ಹೆಚ್ಚು ಎಂಬುದು ಈಗಿನ ತಿಳಿವಳಿಕೆ. ಮೈ ಬಿಸಿಯಾಗಿ ಬೆವರುವುದು, ನಿದ್ದೆಗೆಡುವುದು, ಅದರಿಂದಾಗುವ ಹಗಲಿನ ಸುಸ್ತು ಇವಕ್ಕೆ ಪಳಗಿದ ಮದ್ದು ಈಸ್ಟ್ರೋಜನ್ನೇ. ಗರ್ಭಕೋಶ ಇರುವವರಿಗೆ ಜೊತೆಯಲ್ಲಿ ಪ್ರೊಜೆಸ್ಟರಾನ್ ಬೇಕು. ರಾತ್ರಿ ಸರಿಯಾಗಿ ನಿದ್ದೆ ಬಂದರೆ ಆಸೆಯೂ ತಾನಾಗಿ ಚಿಗುರುವುದುಂಟು. ಇದನ್ನೆಲ್ಲ ಬಿಟ್ಟು ನೇರ ಟೆಸ್ಟೋಸ್ಟೆರಾನ್ ಕೇಳುವುದು, ನನ್ನ ದೃಷ್ಟಿಯಲ್ಲಿ, ಹಿಂದುಮುಂದಾದ ಕ್ರಮ. ಒಂದು ಸೂಕ್ಷ್ಮವೂ ಇದೆ: ನುಂಗುವ ಈಸ್ಟ್ರೋಜನ್ ಮಾತ್ರೆ ಯಕೃತ್ತಿನಲ್ಲಿ ಒಂದು ಪ್ರೋಟೀನನ್ನು ಹೆಚ್ಚಿಸುತ್ತದೆ, ಆ ಪ್ರೋಟೀನ್ ರಕ್ತದಲ್ಲಿರುವ ಟೆಸ್ಟೋಸ್ಟೆರಾನನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಥವರಿಗೆ ಮಾತ್ರೆಯ ಬದಲು ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಕೊಟ್ಟರೆ, ಬೇರೇನೂ ಸೇರಿಸದೆಯೇ ವ್ಯತ್ಯಾಸ ಕಾಣಬಹುದು.

ಇಷ್ಟೆಲ್ಲ ಸೋಸಿದ ಮೇಲೂ ಔಷಧ ಬೇಕಾದವರು ಉಳಿಯುತ್ತಾರೆ. ಅವರಿಗೆ ನಮ್ಮಲ್ಲಿ ಏನು ಸಿಗುತ್ತದೆ?

ಮಹಿಳೆಯರಿಗೆಂದೇ ತಯಾರಾದ ಟೆಸ್ಟೋಸ್ಟೆರಾನ್ ಕ್ರೀಮ್ ಆಸ್ಟ್ರೇಲಿಯಾದಲ್ಲಿದೆ. 2020ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಅದಕ್ಕೆ ಅಧಿಕೃತ ಅನುಮತಿ ಕೊಟ್ಟಿತು. ಆರಂಭದ ಪ್ರಮಾಣ ದಿನಕ್ಕೆ ಅರ್ಧ ಮಿಲಿಲೀಟರ್, ಅದರಲ್ಲಿ ಔಷಧ 5 ಮಿಲಿಗ್ರಾಂ. ಭಾರತದ ಅಂಗಡಿಗಳಲ್ಲಿರುವುದು ಗಂಡಸರ ಜೆಲ್. ಒಂದು ಶೇಕಡಾ ಜೆಲ್‌ನ 5 ಗ್ರಾಂ ಪೊಟ್ಟಣದಲ್ಲಿ 50 ಮಿಲಿಗ್ರಾಂ ಇರುತ್ತದೆ, ಗಂಡಸಿಗೆ ಒಂದು ದಿನದ್ದು. ಹೆಂಗಸಿಗೆ ಅದೇ ಪೊಟ್ಟಣ ಹತ್ತು ದಿನಕ್ಕೆ ಬರಬೇಕು. ಇದು ಷೆಡ್ಯೂಲ್ ಎಚ್ ಔಷಧ. ಡಾಕ್ಟರ ಚೀಟಿಯಿಲ್ಲದೆ ಮಾರುವಂತಿಲ್ಲ.

ವಿರಾಜಪೇಟೆಯ ಔಷಧಿ ಅಂಗಡಿಯವರೊಬ್ಬರು ಹೇಳಿದ ಸಂಗತಿ ಇದು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೈಸೂರಿನ ಡಾಕ್ಟರ ಚೀಟಿಯನ್ನು ಕೌಂಟರಿನ ಮೇಲಿಟ್ಟರು. ಸಂತೆಯ ದಿನ, ಅಂಗಡಿ ತುಂಬ ಜನ. ಹುಡುಗ ಚೀಟಿ ನೋಡಿ, "ಇದು ಯಜಮಾನರಿಗಾ ಅಕ್ಕಾ?" ಎಂದು ಗಟ್ಟಿಯಾಗಿಯೇ ಕೇಳಿದ. ಅವರು ಹೌದು ಎಂದರು. ಹುಡುಗ ಪೆಟ್ಟಿಗೆಯ ಮೇಲೆ ಪೆನ್ನಿನಿಂದ 'ದಿನಕ್ಕೆ ಒಂದು' ಎಂದು ಬರೆದುಕೊಟ್ಟ. ಮಾಲೀಕರು ಆಮೇಲೆ ಚೀಟಿಯಲ್ಲಿದ್ದ ಹೆಸರು ನೋಡಿ, ಫೋನ್ ಮಾಡಿ ಸರಿಪಡಿಸಿದರು. ಮಾಡದಿದ್ದರೆ ಆಕೆ ಹತ್ತು ಪಟ್ಟು ಹಚ್ಚಿಕೊಳ್ಳುತ್ತಿದ್ದರು. ಪೆಟ್ಟಿಗೆಯೊಳಗಿನ ಕರಪತ್ರ ಓದಿದರೂ ಸಹಾಯವಾಗುತ್ತಿರಲಿಲ್ಲ. ಅದನ್ನು ಬರೆದಿರುವುದೇ ಗಂಡಸರಿಗೆ.

ಅಳತೆಯೇ ಇಲ್ಲಿ ಅರ್ಧ ಚಿಕಿತ್ಸೆ. ಬಟಾಣಿ ಕಾಳಿನಷ್ಟು ಎಂದು ಬ್ರಿಟನ್ನಿನಲ್ಲಿ ಹೇಳುವುದುಂಟು, ಆದರೆ ಬಟಾಣಿ ಎಲ್ಲರ ಬೆರಳ ತುದಿಯಲ್ಲೂ ಒಂದೇ ಗಾತ್ರದ್ದಲ್ಲ. ಸೂಜಿಯಿಲ್ಲದ ಒಂದು ಮಿಲಿಲೀಟರ್ ಸಿರಿಂಜಿನಲ್ಲಿ ಅರ್ಧದ ಗೆರೆಯವರೆಗೆ ಎಳೆದುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಜೆಲ್‌ನಲ್ಲಿ ಆಲ್ಕೋಹಾಲ್ ಇರುವುದರಿಂದ ತೆರೆದ ಪೊಟ್ಟಣವನ್ನು ಮಡಚಿ ಕ್ಲಿಪ್ ಹಾಕಿ ಮುಚ್ಚಿದ ಡಬ್ಬಿಯಲ್ಲಿಡಬೇಕು. ಹಚ್ಚುವುದು ತೊಡೆಯ ಹೊರಭಾಗಕ್ಕೆ ಅಥವಾ ಪೃಷ್ಠದ ಮೇಲ್ಭಾಗಕ್ಕೆ. ದಿನವೂ ಒಂದೇ ಜಾಗಕ್ಕೆ ಹಚ್ಚಿದರೆ ಅಲ್ಲಿ ಕೂದಲು ದಟ್ಟವಾಗುತ್ತದೆ, ಆದ್ದರಿಂದ ಜಾಗ ಬದಲಿಸುತ್ತಿರಬೇಕು. ಹಚ್ಚಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಬೇಕು, ಜೆಲ್ ಒಣಗಿದ ಮೇಲೆಯೇ ಬಟ್ಟೆ ಹಾಕಿಕೊಳ್ಳಬೇಕು. ಮಳೆಗಾಲದ ಮಡಿಕೇರಿಯಲ್ಲಿ ಒಣಗುವುದಕ್ಕೂ ತಾಳ್ಮೆ ಬೇಕು.

ಕೈ ತೊಳೆಯುವ ಮಾತು ಶಿಷ್ಟಾಚಾರದ್ದಲ್ಲ. ಜೆಲ್ ಹಚ್ಚಿದ ಚರ್ಮಕ್ಕೆ ತಾಗಿ ಮಲಗುವ ಮಗುವಿನ ಮೈಗೂ ಔಷಧ ಇಳಿಯುತ್ತದೆ. ತಂದೆ ಹಚ್ಚಿಕೊಂಡ ಜೆಲ್‌ನಿಂದ ಪುಟ್ಟ ಮಕ್ಕಳಲ್ಲಿ ಅಕಾಲದ ಪ್ರಾಯದ ಚಿಹ್ನೆಗಳು ಕಂಡುಬಂದ ಮೇಲೆ 2009ರಲ್ಲಿ ಎಫ್‌ಡಿಎ ಇಂಥ ಜೆಲ್‌ಗಳ ಮೇಲೆ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಹೆಂಗಸಿನ ಪ್ರಮಾಣ ಕಡಿಮೆ, ಸರಿ. ಆದರೆ ನಮ್ಮಲ್ಲಿ ಮೊಮ್ಮಗು ಅಜ್ಜಿಯ ತೊಡೆಯ ಮೇಲೆಯೇ ಬೆಳೆಯುತ್ತದೆ. ಹಚ್ಚುವ ಜಾಗ ಬಟ್ಟೆಯೊಳಗೆ ಇರಲಿ ಎಂಬುದನ್ನು ಇಲ್ಲಿ ಇನ್ನಷ್ಟು ಒತ್ತಿ ಹೇಳಬೇಕು.

ರಕ್ತ ಪರೀಕ್ಷೆಯ ಬಗ್ಗೆ ದೊಡ್ಡ ತಪ್ಪು ಕಲ್ಪನೆಯಿದೆ. ಕಾಫಿ ಬೆಳೆಗಾರರಿಗೆ ಮಣ್ಣು ಪರೀಕ್ಷೆ ಹೊಸದಲ್ಲ: ಹುಳಿ ಎಷ್ಟಿದೆ ನೋಡಿ, ಅಷ್ಟಕ್ಕೆ ತಕ್ಕ ಸುಣ್ಣ. ಟೆಸ್ಟೋಸ್ಟೆರಾನ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಇಷ್ಟಕ್ಕಿಂತ ಕೆಳಗಿದ್ದರೆ ಕೊರತೆ ಎಂದು ಹೇಳುವ ಗೆರೆ ಮಹಿಳೆಯರಲ್ಲಿ ಯಾರಿಗೂ ಸಿಕ್ಕಿಲ್ಲ. 2005ರಲ್ಲಿ ಸೂಸನ್ ಡೇವಿಸ್ ತಂಡವೇ ಸಮುದಾಯದ ಮಹಿಳೆಯರನ್ನು ಪರೀಕ್ಷಿಸಿದಾಗ, ರಕ್ತದಲ್ಲಿ ಟೆಸ್ಟೋಸ್ಟೆರಾನ್ ಕಡಿಮೆಯಿರುವುದಕ್ಕೂ ಆಸಕ್ತಿ ಕಡಿಮೆಯಿರುವುದಕ್ಕೂ ನೆಚ್ಚಬಹುದಾದ ಸಂಬಂಧ ಕಾಣಲಿಲ್ಲ. ಪರೀಕ್ಷೆ ಮಾಡಿಸುವುದು ರೋಗ ಕಂಡುಹಿಡಿಯಲು ಅಲ್ಲ. ಮೊದಲೇ ಹೆಚ್ಚಿದ್ದವರಿಗೆ ಕೊಡದಿರಲು, ಕೊಟ್ಟವರಲ್ಲಿ ಮಿತಿ ಮೀರದಂತೆ ಕಾಯಲು. ಶುರು ಮಾಡುವ ಮೊದಲು ಒಮ್ಮೆ, ಮೂರರಿಂದ ಆರು ವಾರಗಳ ಒಳಗೆ ಇನ್ನೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ. ಸಾಮಾನ್ಯ ಪ್ರಯೋಗಾಲಯಗಳ ವಿಧಾನ ಗಂಡಸರ ಮಟ್ಟ ಅಳೆಯಲು ಸಾಕು. ಹೆಂಗಸರ ಅಲ್ಪ ಪ್ರಮಾಣದಲ್ಲಿ ಅದು ತಡವರಿಸುತ್ತದೆ. ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ಹೆಚ್ಚು ನಿಖರವಾದ ವಿಧಾನಕ್ಕೆ ದೊಡ್ಡ ಪ್ರಯೋಗಾಲಯಗಳೇ ಬೇಕು. 'ನಿಮ್ಮ ಟೆಸ್ಟೋಸ್ಟೆರಾನ್ ತೀರ ಕಡಿಮೆ ಇದೆ' ಎಂದು ವರದಿ ತೋರಿಸಿ ಪ್ಯಾಕೇಜ್ ಮಾರುವವರನ್ನು ಕಂಡರೆ ಎದ್ದು ಬರುವುದು ಕ್ಷೇಮ.

ಆರು ತಿಂಗಳು ಹಚ್ಚಿಯೂ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಬೇಕು. ಈ ಒಂದು ನಿಯಮವನ್ನು ಪಾಲಿಸಿದರೂ ಅರ್ಧದಷ್ಟು ದುರ್ಬಳಕೆ ತಪ್ಪೀತು.

ಅಡ್ಡ ಪರಿಣಾಮಗಳಲ್ಲಿ ಸಾಮಾನ್ಯವಾದವು ಮೊಡವೆ ಮತ್ತು ಮುಖ, ಮೈಯ ಮೇಲೆ ಕೂದಲು. ಸರಿಯಾದ ಪ್ರಮಾಣದಲ್ಲಿ ಇವು ಹೆಚ್ಚಾಗಿ ಸೌಮ್ಯ, ಔಷಧ ನಿಲ್ಲಿಸಿದರೆ ಇಳಿಯುತ್ತವೆ. ಪ್ರಮಾಣ ಮೀರಿದರೆ ತಲೆಗೂದಲು ತೆಳುವಾಗುತ್ತದೆ, ಚಂದ್ರನಾಡಿ (ಕ್ಲಿಟೊರಿಸ್) ದೊಡ್ಡದಾಗುತ್ತದೆ, ದನಿ ಗಡುಸಾಗುತ್ತದೆ. ದನಿಯ ಬದಲಾವಣೆ ಮರಳಿ ಸರಿಹೋಗದೆ ಉಳಿಯಬಹುದು. ಪುತ್ತರಿ ಹಬ್ಬದಲ್ಲಿ ಉಮ್ಮತ್ತಾಟ್ ಕುಣಿತಕ್ಕೆ ಹಾಡುವವರು, ಶಾಲೆಯಲ್ಲಿ ಪಾಠ ಹೇಳುವವರು ಮೊದಲ ಒಡಕು ಕಂಡಾಗಲೇ ಡಾಕ್ಟರಿಗೆ ತಿಳಿಸಬೇಕು. ಮಾತ್ರೆಯ ರೂಪದ ಟೆಸ್ಟೋಸ್ಟೆರಾನ್ ಕೊಲೆಸ್ಟರಾಲನ್ನು ಕೆಡಿಸುತ್ತದೆ, ಅದು ಬೇಡ. ಚುಚ್ಚುಮದ್ದು ಮತ್ತು ಅಮೆರಿಕದಲ್ಲಿ ಭರಾಟೆಯಿಂದ ನಡೆಯುತ್ತಿರುವ, ಚರ್ಮದಡಿ ಹುದುಗಿಸುವ ಗುಳಿಗೆಗಳು ರಕ್ತದ ಮಟ್ಟವನ್ನು ಗಂಡಸರ ಕಡೆಗೆ ಏರಿಸುತ್ತವೆ. ಗುಳಿಗೆ ಒಮ್ಮೆ ಒಳಗೆ ಹೋದರೆ ಕರಗುವವರೆಗೆ ಕಾಯಬೇಕಾದೀತು. ಎರಡು ವರ್ಷ ಮೀರಿದ ಬಳಕೆಯ ಸುರಕ್ಷತೆಯ ಬಗ್ಗೆ ಗಟ್ಟಿ ಪ್ರಯೋಗಗಳಿಲ್ಲ. ಸ್ತನ ಕ್ಯಾನ್ಸರ್ ಆದವರನ್ನು, ಹೃದಯದ ಅಪಾಯ ಹೆಚ್ಚಿರುವವರನ್ನು ಹೆಚ್ಚಿನ ಪ್ರಯೋಗಗಳಲ್ಲಿ ಸೇರಿಸಿಕೊಂಡಿಲ್ಲ. ಅವುಗಳಲ್ಲಿ ಪಾಲ್ಗೊಂಡವರು ಬಹುಪಾಲು ಪಾಶ್ಚಾತ್ಯ ದೇಶಗಳ ಮಹಿಳೆಯರು. ಸಕ್ಕರೆ ಕಾಯಿಲೆ, ರಕ್ತದೊತ್ತಡ ನಲವತ್ತರಲ್ಲೇ ಬರುವ ನಮ್ಮವರಿಗೆ ಆ ಫಲಿತಾಂಶಗಳನ್ನು ಹಾಗೆಯೇ ಅನ್ವಯಿಸುವಾಗ ಅಳುಕು ಇರಬೇಕು. ಮುಟ್ಟು ಇನ್ನೂ ಪೂರ್ತಿ ನಿಂತಿಲ್ಲ, ಗರ್ಭ ಧರಿಸುವ ಸಾಧ್ಯತೆ ಇದೆ ಎಂದಾದರೆ ಇದರ ಹತ್ತಿರವೂ ಹೋಗಬಾರದು. ಹೆಣ್ಣು ಭ್ರೂಣದ ಬೆಳವಣಿಗೆಗೆ ಧಕ್ಕೆಯಾಗುತ್ತದೆ.

ಕೊಡಗಿಗೆ ಸೇರಿದ ಇನ್ನೊಂದು ಎಚ್ಚರಿಕೆ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಿಂದ ನಡೆಯುತ್ತಿದೆ, ಕುಟುಂಬದ ತಂಡದಲ್ಲಿ ಹೆಣ್ಣುಮಕ್ಕಳೂ ಸ್ಟಿಕ್ ಹಿಡಿದು ಇಳಿಯುತ್ತಾರೆ. ಹಿರಿಯರ ಕ್ರೀಡಾಕೂಟಗಳಿಗೆ ಓಡುವ, ಎಸೆಯುವ ಐವತ್ತು ದಾಟಿದವರು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಟೆಸ್ಟೋಸ್ಟೆರಾನ್ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿ ವರ್ಷಪೂರ್ತಿ ಇರುವ ಔಷಧ. ಡಾಕ್ಟರ ಚೀಟಿ ಇದ್ದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ಪದಕದ ಕೂಟಗಳಿಗೆ ಹೋಗುವವರು ಜೆಲ್ ಮುಟ್ಟುವ ಮೊದಲೇ ಇದನ್ನು ವಿಚಾರಿಸಿಕೊಳ್ಳಬೇಕು.

ಈವರೆಗೆ ಹೇಳಿದ್ದೆಲ್ಲ ಚೀಟಿ, ಸಿರಿಂಜು, ಮೈಸೂರಿನ ಬಸ್ಸು ಎಟುಕುವವರ ಕಥೆ. ಯಾರಿಗೆ ಈ ಔಷಧ ಕೊಡಲು ಅತ್ಯಂತ ಸಕಾರಣವಿದೆಯೋ ಅವರನ್ನು ಹುಡುಕಬೇಕಾದ್ದು ಬೇರೆ ಕಡೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಗರ್ಭಕೋಶ ತೆಗೆಯಲಾಗಿದೆ, ಅವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ 35ರ ಒಳಗೇ. ನಮ್ಮದೇ ರಾಜ್ಯದ ಕಲಬುರಗಿಯಲ್ಲಿ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣ ದೊಡ್ಡ ಹೋರಾಟವಾಯಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ ಹಿಂದಿನ ವರ್ಷ ರೂಪಿಸಿದ್ದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. ಗರ್ಭಕೋಶ ಹೋದರೂ ಅಂಡಾಶಯ ಉಳಿದಿದ್ದರೆ ಹಾರ್ಮೋನ್ ಬರುತ್ತಿರುತ್ತದೆ. ಎರಡೂ ಹೋಗಿದ್ದರೆ, ಮೂವತ್ತೆಂಟರ ಹೆಂಗಸು ಒಂದೇ ದಿನದಲ್ಲಿ ಋತುಬಂಧಕ್ಕೆ ಬೀಳುತ್ತಾಳೆ. ಅಂಥವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗೆ ಈಸ್ಟ್ರೋಜನ್ ಕೊಡಬೇಕೆಂಬುದರಲ್ಲಿ ತಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ. ಮೂಳೆಗೂ ಹೃದಯಕ್ಕೂ ಅದು ಬೇಕು. ಟೆಸ್ಟೋಸ್ಟೆರಾನ್ ಪ್ರಶ್ನೆ ಅದರ ಮೇಲಿನದು.

ಆದರೆ ಕಾಫಿ ಕೊಯ್ಲು ಮುಗಿದ ಮೇಲೆ ಆಪರೇಷನ್ ಮಾಡಿಸಿಕೊಂಡು, ಮುಂದಿನ ಮಳೆಗಾಲಕ್ಕೆ ಮತ್ತೆ ತೋಟಕ್ಕೆ ಬಂದ ಕಾರ್ಮಿಕ ಮಹಿಳೆಯನ್ನು ಕೇಳಿದರೆ 'ಗರ್ಭಕೋಶ ತೆಗೆಸಿದ್ದೇನೆ' ಎನ್ನುತ್ತಾಳೆ; ಅಂಡಾಶಯ ಇದೆಯೋ ಇಲ್ಲವೋ ಆಕೆಗೆ ಯಾರೂ ಹೇಳಿರುವುದಿಲ್ಲ. ಉತ್ತರ ಇರುವುದು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಡಿಸ್ಚಾರ್ಜ್ ಚೀಟಿಯಲ್ಲಿ. ಶಸ್ತ್ರಚಿಕಿತ್ಸೆಯ ಹೆಸರಿನ ಮುಂದೆ 'ಬಿಎಸ್‌ಒ' (BSO) ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದರೆ ಎರಡೂ ಅಂಡಾಶಯ, ಎರಡೂ ನಾಳ ತೆಗೆಯಲಾಗಿದೆ ಎಂದರ್ಥ. ಆಶಾ ಕಾರ್ಯಕರ್ತೆಯೊಬ್ಬರು ಓದಿ ಹೇಳಬಹುದಾದ ವಿಷಯ ಇದು. ಮೂರೂ ಅಕ್ಷರ ಇದ್ದು, ವಯಸ್ಸು ನಲವತ್ತೈದರ ಒಳಗಿದ್ದು, ಹಾರ್ಮೋನ್ ಮಾತನ್ನೇ ಯಾರೂ ಎತ್ತಿಲ್ಲ ಎಂದಾದರೆ ಆ ಚೀಟಿ ಹಿಡಿದುಕೊಂಡು ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಬೇಕು. ಆಪರೇಷನ್ ಇನ್ನೂ ಆಗಬೇಕಿರುವವರು ಒಪ್ಪಿಗೆ ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುವ ಮೊದಲು ಎರಡು ಪ್ರಶ್ನೆ ಕೇಳಬೇಕು: ಅಂಡಾಶಯವನ್ನೂ ತೆಗೆಯುತ್ತೀರಾ? ತೆಗೆಯುವುದಾದರೆ ಯಾಕೆ?